ಏಳು ವರ್ಷ ಜಮಾ ಇಲ್ಲದ ಖಾತೆ: ವಿಲಿಯಂ ಕೇರಿಯ ಬಾಳು

ಕೇರಿ ಎಂದರೆ ನಮಗೆ ಬೀದಿ, ಓಣಿ. ಆದರೆ ಕನ್ನಡ ಓದುವವರು ತಿಳಿದಿರಬೇಕಾದ ಇನ್ನೊಬ್ಬ ಕೇರಿ ಇದ್ದಾನೆ. 1817ರಲ್ಲಿ ಬಂಗಾಳದ ಶ್ರೀರಾಮಪುರದ ಅಚ್ಚುಕೂಟದಿಂದ ಕನ್ನಡ ಭಾಷೆಯ ವ್ಯಾಕರಣವೊಂದು ಹೊರಬಂತು. ಬರೆದದ್ದು ಇಂಗ್ಲಿಷಿನಲ್ಲಿ, ಉದಾಹರಣೆಗಳು ಕನ್ನಡದ ಅಚ್ಚುಮೊಳೆಗಳಲ್ಲಿ. ಕನ್ನಡಕ್ಕೆ ಅಚ್ಚಾದ ಮೊದಲ ವ್ಯಾಕರಣ ಇದೇ ಎಂದು ಹೇಳುತ್ತಾರೆ. ಅದನ್ನು ಬರೆದವನು ಕರ್ನಾಟಕದ ಮಣ್ಣು ತುಳಿದವನಲ್ಲ. ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಬೂಟು ಹೊಲಿಯುತ್ತಿದ್ದವನು, ಆಮೇಲೆ ಪಾದ್ರಿಯಾಗಿ ಕಲ್ಕತ್ತೆಗೆ ಬಂದವನು. ಅವನೇ ವಿಲಿಯಂ ಕೇರಿ.

ನಮಗೆ ಕಿಟೆಲ್ ಗೊತ್ತು, ಮೋಗ್ಲಿಂಗ್ ಗೊತ್ತು. ಕೇರಿಯ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಆದರೆ ಈ ಲೇಖನ ವ್ಯಾಕರಣದ ವಿಷಯವಲ್ಲ. ಕೇರಿಯ ಬಾಳಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಸಂಗತಿ. ದೇವರು ತನ್ನನ್ನು ಕರೆದಿದ್ದಾನೆ, ತನ್ನನ್ನು ನಡೆಸುತ್ತಿದ್ದಾನೆ ಎಂದು ನಂಬಿ ಊರು ಬಿಟ್ಟು ಬಂದವನಿಗೆ, ಬಂದ ಮೇಲೆ ಏಳು ವರ್ಷ ಆ ನಂಬಿಕೆಗೆ ಒಂದೇ ಒಂದು ಸಾಕ್ಷಿಯೂ ಸಿಗಲಿಲ್ಲ. ಕಾಮರ್ಸಿನವರ ಭಾಷೆಯಲ್ಲಿ ಹೇಳುವುದಾದರೆ, ಖರ್ಚಿನ ಬದಿ ತುಂಬುತ್ತಾ ಹೋಯಿತು, ಜಮಾ ಬದಿಯಲ್ಲಿ ಒಂದು ಕಾಸೂ ಬೀಳಲಿಲ್ಲ. ಅಂಥ ಖಾತೆ ಇಟ್ಟುಕೊಂಡು ಒಬ್ಬ ಮನುಷ್ಯ ಹೇಗೆ ಬದುಕಿದ? ಇದು ಕ್ರೈಸ್ತರಿಗೆ ಮಾತ್ರ ಬೇಕಾದ ಪ್ರಶ್ನೆ ಅಂತ ನನಗೆ ಅನ್ನಿಸುವುದಿಲ್ಲ.

ಚಮ್ಮಾರನ ಗೋಡೆಯ ಭೂಪಟ

ಕೇರಿ ಹುಟ್ಟಿದ್ದು 1761ರ ಆಗಸ್ಟ್ 17ರಂದು, ನಾರ್ಥಾಂಪ್ಟನ್‌ಷೈರಿನ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ. ತಂದೆ ಎಡ್ಮಂಡ್ ಮೊದಲು ನೇಕಾರ, ಆಮೇಲೆ ಹಳ್ಳಿಯ ಶಾಲಾ ಮೇಷ್ಟ್ರು. ಹುಡುಗನಿಗೆ ಗಿಡ, ಹೂವು, ಹುಳುಹುಪ್ಪಟೆ ಎಂದರೆ ಪ್ರಾಣ. ಹೊಲಗೆಲಸಕ್ಕೆ ಹೋದರೆ ಬಿಸಿಲು ತಾಗಿ ಚರ್ಮ ಕೆಡುತ್ತಿತ್ತು. ಆದ್ದರಿಂದ ನೆರಳಿನಲ್ಲಿ ಕೂತು ಮಾಡುವ ಕಸುಬು ಎಂದು ಅವನನ್ನು ಬೂಟು ಹೊಲಿಯುವವನ ಹತ್ತಿರ ಬಿಟ್ಟರು. ಅಲ್ಲಿ ಜೊತೆ ಕೆಲಸಗಾರ ಜಾನ್ ವಾರ್ ಎಂಬವನ ಮಾತಿನಿಂದ ಕೇರಿಯ ಮನಸ್ಸು ಧರ್ಮದ ಕಡೆ ತಿರುಗಿತು. 1783ರಲ್ಲಿ ನೆನ್ ನದಿಯಲ್ಲಿ ದೀಕ್ಷಾಸ್ನಾನ ಪಡೆದು ಬ್ಯಾಪ್ಟಿಸ್ಟ್ ಪಂಗಡಕ್ಕೆ ಸೇರಿದ.

ಕಾಲೇಜು ಎಂದರೆ ಏನೆಂದು ನೋಡದವನು ಬೂಟು ಹೊಲಿಯುತ್ತಲೇ ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿತ. ಕ್ಯಾಪ್ಟನ್ ಕುಕ್‌ನ ಸಮುದ್ರಯಾನದ ಪುಸ್ತಕ ಓದಿ, ಗೋಡೆಯ ಮೇಲೆ ಪ್ರಪಂಚದ ಭೂಪಟ ಅಂಟಿಸಿ, ಯಾವ ದೇಶದಲ್ಲಿ ಎಷ್ಟು ಜನ, ಯಾವ ಮತ ಎಂದು ಗುರುತು ಹಾಕಿಕೊಂಡ. ತನ್ನ ಪಂಗಡದ ಪಾದ್ರಿಗಳು ದೂರದೇಶಗಳಿಗೆ ಹೋಗಬೇಕು ಎಂದು ವಾದಿಸಿದ. 1792ರಲ್ಲಿ ಆ ವಾದವನ್ನೇ ಒಂದು ಸಣ್ಣ ಪುಸ್ತಕವಾಗಿ ಅಚ್ಚು ಹಾಕಿಸಿದ. ಅದೇ ವರ್ಷ ಅಕ್ಟೋಬರ್ 2ರಂದು ಕೆಟರಿಂಗ್ ಊರಿನಲ್ಲಿ ಒಬ್ಬ ವಿಧವೆಯ ಮನೆಯ ಹಿಂದಿನ ಕೋಣೆಯಲ್ಲಿ ಹದಿನಾಲ್ಕು ಜನ ಕೂಡಿ ಮಿಷನ್ ಸಂಘ ಕಟ್ಟಿದರು. ಆ ದಿನ ಸೇರಿದ ವಂತಿಗೆ 13 ಪೌಂಡು 2 ಷಿಲಿಂಗು 6 ಪೆನ್ಸು. ಇಷ್ಟು ಬಂಡವಾಳದಲ್ಲಿ ಪ್ರಪಂಚದ ಇನ್ನೊಂದು ತುದಿಗೆ ಹೊರಡುವ ಯೋಜನೆ! ನಮ್ಮಲ್ಲಿ ಯಾರಾದರೂ ಇಂಥ ಲೆಕ್ಕ ತೋರಿಸಿದರೆ ಮೇಷ್ಟ್ರು ನಕ್ಕುಬಿಡುತ್ತಾರೆ.

ಇಲ್ಲಿ ಒಂದು ಮಾತು ಗಮನಿಸಬೇಕು. ಕೇರಿಯ ಮನಸ್ಸಿನಲ್ಲಿದ್ದದ್ದು ಭಾರತವಲ್ಲ. ಕುಕ್‌ನ ಪುಸ್ತಕದಲ್ಲಿ ಓದಿದ ತಾಹಿತಿ ದ್ವೀಪ. ಅಷ್ಟರಲ್ಲಿ ಬಂಗಾಳದಲ್ಲಿ ಇದ್ದು ಬಂದ ಜಾನ್ ಥಾಮಸ್ ಎಂಬ ವೈದ್ಯ, ತಾನು ಮತ್ತೆ ಅಲ್ಲಿಗೆ ಹೋಗುತ್ತೇನೆ, ಜೊತೆಗೆ ಯಾರಾದರೂ ಬೇಕು ಎಂದ. ಸಂಘದವರು ಒಪ್ಪಿದರು, ಕೇರಿ ಹೊರಟ. ತನ್ನ ಬಾಳಿನ ನಲವತ್ತು ವರ್ಷ ಕಳೆಯುವ ಊರನ್ನು ಕೂಡ ಅವನು ಆರಿಸಿಕೊಂಡದ್ದಲ್ಲ.

ಡೊರೊಥಿ ಬರುವುದಿಲ್ಲ ಎಂದಳು

ಹೊರಡುವ ಮಾತು ಬಂದಾಗ ಹೆಂಡತಿ ಡೊರೊಥಿ ಖಂಡಿತ ಬರುವುದಿಲ್ಲ ಎಂದುಬಿಟ್ಟಳು. ಅವಳ ಕಡೆಯಿಂದ ನೋಡಿದರೆ ತಪ್ಪೇನಿದೆ? 1781ರಲ್ಲಿ ಮದುವೆಯಾದಾಗ ರಿಜಿಸ್ಟರಿನಲ್ಲಿ ಸಹಿ ಹಾಕಲು ಬಾರದೆ ಗುರುತು ಹಾಕಿದವಳು ಆಕೆ. ತನ್ನ ಊರಿನ ಸುತ್ತಮುತ್ತ ಬಿಟ್ಟು ಬೇರೆ ಕಂಡವಳಲ್ಲ. ಎರಡು ಹೆಣ್ಣು ಮಕ್ಕಳು ಆಗಲೇ ಮಣ್ಣಾಗಿದ್ದರು. ಮೂರು ಗಂಡು ಮಕ್ಕಳು ಇದ್ದರು, ಇನ್ನೊಂದು ಹೊಟ್ಟೆಯಲ್ಲಿತ್ತು. ಗಂಡನಿಗೆ ಬಂದ ದೇವರ ಕರೆ ಅವಳಿಗೆ ಬಂದಿರಲಿಲ್ಲ.

ಕೇರಿ ಹಿರಿಮಗ ಫೆಲಿಕ್ಸನನ್ನು ಮಾತ್ರ ಕರೆದುಕೊಂಡು 1793ರ ಏಪ್ರಿಲ್‌ನಲ್ಲಿ ಹಡಗು ಹತ್ತಿದ. ಆದರೆ ಈಸ್ಟ್ ಇಂಡಿಯಾ ಕಂಪನಿ ಪಾದ್ರಿಗಳಿಗೆ ಪರವಾನಗಿ ಕೊಡುತ್ತಿರಲಿಲ್ಲ. ಥಾಮಸನ ಹಿಂದೆ ಸಾಲಗಾರರು ಬೇರೆ ಬಿದ್ದಿದ್ದರು. ಇಂಗ್ಲೆಂಡಿನ ದಂಡೆ ದಾಟುವ ಮೊದಲೇ ಕ್ಯಾಪ್ಟನ್ ಇಬ್ಬರನ್ನೂ ಹಡಗಿನಿಂದ ಇಳಿಸಿಬಿಟ್ಟ. ಕೇರಿಗೆ ಎಲ್ಲ ಮುಗಿಯಿತು ಅನ್ನಿಸಿತು. ಅಷ್ಟರಲ್ಲಿ ಡೊರೊಥಿಗೆ ಹೆರಿಗೆಯಾಗಿತ್ತು. ಮತ್ತೆ ಕೇಳಿದಾಗ, ತನ್ನ ತಂಗಿ ಕಿಟ್ಟಿ ಜೊತೆಗೆ ಬರುವುದಾದರೆ ಬರುತ್ತೇನೆ ಎಂದಳು. ಜೂನ್ 13ರಂದು ಡೇನ್ಮಾರ್ಕಿನ ಒಂದು ಹಡಗಿನಲ್ಲಿ ಎಲ್ಲರೂ ಹೊರಟರು. ಐದು ತಿಂಗಳ ಪ್ರಯಾಣ. ನವೆಂಬರ್ 11ರಂದು ಕಲ್ಕತ್ತೆ.

ಹಡಗಿನಿಂದ ಇಳಿಸಿದ್ದು ಅನಾಹುತ ಅನ್ನಿಸಿತ್ತು. ಅದರಿಂದಲೇ ಸಂಸಾರ ಒಟ್ಟಾಯಿತು. ಇದನ್ನು ದೇವರೇ ಮಾಡಿಸಿದ ಎಂದು ಕೇರಿ ನಂಬಿದ. ಆದರೆ ಡೊರೊಥಿಯ ಪಾಲಿಗೆ ಇದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ, ಅದನ್ನು ಮುಂದೆ ನೋಡೋಣ.

ಕಲ್ಕತ್ತೆಯ ಮೊದಲ ಚಳಿಗಾಲ

ಆಗಿನ ಕಲ್ಕತ್ತೆ ಕಂಪನಿಯ ರಾಜಧಾನಿ. ದೊಡ್ಡ ಮನೆಗಳು, ದೊಡ್ಡ ಸಂಬಳಗಳು. ಅಂಥ ಊರಿನಲ್ಲಿ ಪರವಾನಗಿ ಇಲ್ಲದ ಪಾದ್ರಿಯನ್ನು ಯಾರೂ ಕೇಳುವವರಿರಲಿಲ್ಲ. ಹಣವೆಲ್ಲ ಥಾಮಸನ ಕೈಯಲ್ಲಿತ್ತು. ಅವನು ಒಳ್ಳೆಯವನೇ, ಆದರೆ ಕೈ ಸಡಿಲ. ಕೆಲವೇ ವಾರಗಳಲ್ಲಿ ದುಡ್ಡು ಖರ್ಚಾಗಿಹೋಯಿತು. ಕೇರಿಯ ಸಂಸಾರ ಬಂಡೇಲಿಗೆ ಹೋಯಿತು, ವಾಪಸು ಬಂತು, ಆಮೇಲೆ ಮಾನಿಕ್ತಲಾದಲ್ಲಿ ಒಬ್ಬ ಬಂಗಾಳಿ ಸಾಹುಕಾರನು ದಯದಿಂದ ಬಿಟ್ಟುಕೊಟ್ಟ ತೋಟದ ಮನೆಯಲ್ಲಿ ತಂಗಿತು. ಥಾಮಸ್ ಪಟ್ಟಣದಲ್ಲಿ ವೈದ್ಯವೃತ್ತಿ ಹಿಡಿದು ಹಾಯಾಗಿದ್ದ. ಡೊರೊಥಿಗೂ ದೊಡ್ಡ ಮಗನಿಗೂ ಭೇದಿ. ಹೆಂಡತಿ ಮತ್ತು ನಾದಿನಿ ದಿನಾ ಕೇಳುವ ಪ್ರಶ್ನೆ ಒಂದೇ: ನಮ್ಮನ್ನು ಯಾಕೆ ಇಲ್ಲಿಗೆ ಕರಕೊಂಡು ಬಂದೆ?

ಆ ತಿಂಗಳುಗಳಲ್ಲಿ ಕೇರಿ ದಿನಚರಿ ಬರೆಯುತ್ತಿದ್ದ. ಅದು ಮಹಾತ್ಮರ ದಿನಚರಿ ಹಾಗೆ ಇಲ್ಲ. ಒಂದು ದಿನ ದೇವರು ಹತ್ತಿರ ಇದ್ದಾನೆ ಎನ್ನುವ ಸಮಾಧಾನ, ಮಾರನೆಯ ದಿನ ಮನಸ್ಸು ಒಣಗಿದ ಕಟ್ಟಿಗೆ. ತಾನು ಸೋಮಾರಿ, ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲುವುದಿಲ್ಲ, ಈ ಕೆಲಸಕ್ಕೆ ತಾನು ಯೋಗ್ಯನೇ ಅಲ್ಲ ಎಂದು ತನ್ನನ್ನೇ ತಾನು ಬೈದುಕೊಳ್ಳುತ್ತಾನೆ. ಮನಸ್ಸು ಬಿಚ್ಚಿ ಮಾತಾಡಲು ಒಬ್ಬ ಸ್ನೇಹಿತನೂ ಇಲ್ಲ ಎಂದು ಕೊರಗುತ್ತಾನೆ. ಅಮೆರಿಕದ ಕಾಡಿನಲ್ಲಿ ರೆಡ್ ಇಂಡಿಯನ್ನರ ನಡುವೆ ಕೆಲಸ ಮಾಡಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಡೇವಿಡ್ ಬ್ರೇನರ್ಡ್‌ನ ಚರಿತ್ರೆಯನ್ನು ಮತ್ತೆ ಮತ್ತೆ ಓದುತ್ತಾನೆ. ಎಲ್ಲಿಗೆ ಹೋಗುತ್ತೇನೆ ಎಂದು ತಿಳಿಯದೆ ಹೊರಟ ಬೈಬಲಿನ ಅಬ್ರಹಾಮನನ್ನು ನೆನೆಯುತ್ತಾನೆ.

1794ರ ಫೆಬ್ರವರಿಯಲ್ಲಿ ಸುಂದರಬನದ ಕಡೆ ಸ್ವಲ್ಪ ಜಮೀನು ಸಿಗಬಹುದು ಎಂದು ಕೇಳಿ ಸಂಸಾರವನ್ನು ದೋಣಿಯಲ್ಲಿ ಹಾಕಿಕೊಂಡು ಹೊರಟ. ಹುಲಿ, ಮೊಸಳೆಗಳ ಸೀಮೆ. ಆಹಾರ ಮುಗಿಯುತ್ತಾ ಬಂದಿತ್ತು. ಡೆಭಾಟ್ಟಾದಲ್ಲಿ ಕಂಪನಿಯ ಉಪ್ಪಿನ ಇಲಾಖೆಯ ಅಧಿಕಾರಿ ಚಾರ್ಲ್ಸ್ ಶಾರ್ಟ್ ಎಂಬವನ ಮನೆ ಕಂಡಿತು. ಈ ಶಾರ್ಟ್‌ಗೆ ದೇವರ ಮೇಲೆ ನಂಬಿಕೆ ಇರಲಿಲ್ಲ. ಆದರೂ ಗುರುತು ಪರಿಚಯ ಇಲ್ಲದ ಅಷ್ಟೂ ಜನಕ್ಕೆ ತಿಂಗಳುಗಟ್ಟಲೆ ಅನ್ನ ಹಾಕಿದ. ಆಮೇಲೆ ಕಿಟ್ಟಿಯನ್ನೇ ಮದುವೆಯಾದ. ದೇವರು ನಡೆಸುತ್ತಾನೆ ಎನ್ನುವವನಿಗೆ ಅನ್ನ ಇಟ್ಟವನು ದೇವರಿಲ್ಲ ಎನ್ನುವವನು! ಇದಕ್ಕೆ ಏನು ಹೇಳೋಣ?

ಮದನಬತಿಯ ನೀಲಿ ಕಾರ್ಖಾನೆ

ಜೂನ್ 1794ರಲ್ಲಿ ಕೇರಿಗೆ ಒಂದು ನೌಕರಿ ಸಿಕ್ಕಿತು. ಮಾಲ್ಡಾದ ಜಾರ್ಜ್ ಉಡ್ನಿ ಎಂಬ ಕಂಪನಿ ಅಧಿಕಾರಿ ಮದನಬತಿ ಎಂಬ ಹಳ್ಳಿಯಲ್ಲಿದ್ದ ತನ್ನ ನೀಲಿ ಕಾರ್ಖಾನೆಗೆ ಅವನನ್ನು ಮ್ಯಾನೇಜರ್ ಮಾಡಿದ. ತಿಂಗಳಿಗೆ ಇನ್ನೂರು ರೂಪಾಯಿ ಸಂಬಳ, ಮಾರಾಟದ ಮೇಲೆ ಕಮಿಷನ್. ಕೇರಿ ತಕ್ಷಣ ಇಂಗ್ಲೆಂಡಿಗೆ ಬರೆದ: ಇನ್ನು ನನಗೆ ಹಣ ಕಳಿಸುವುದು ಬೇಡ, ಆ ಹಣದಲ್ಲಿ ಬೇರೆ ಯಾರನ್ನಾದರೂ ಬೇರೆ ಕಡೆಗೆ ಕಳಿಸಿ. ಸಂಘದ ಕೆಲವರಿಗೆ ಇದು ಹಿಡಿಸಲಿಲ್ಲ. ಪಾದ್ರಿ ವ್ಯಾಪಾರಕ್ಕೆ ಇಳಿದನಲ್ಲ ಎಂದು ಸಂಶಯಪಟ್ಟರು.

ಅಕ್ಟೋಬರಿನಲ್ಲಿ ಇಡೀ ಮನೆಗೆ ಜ್ವರ. ಐದು ವರ್ಷದ ಮಗ ಪೀಟರ್ ಸತ್ತುಹೋದ. ಹೊರಗಿನ ಜಾತಿಯವನ ಹೆಣ ಎಂದು ಗುಂಡಿ ತೋಡಲು, ಹೊರಲು ಜನ ಸಿಗುವುದೇ ಕಷ್ಟವಾಯಿತು. ಎರಡು ನೂರು ರೂಪಾಯಿ ಸಂಬಳದ ಮ್ಯಾನೇಜರ್ ತನ್ನ ಮಗುವನ್ನು ಮಣ್ಣು ಮಾಡಲು ಊರಿನವರಲ್ಲಿ ಅಂಗಲಾಚಬೇಕಾಯಿತು.

ಆ ಪೆಟ್ಟಿನಿಂದ ಡೊರೊಥಿ ಚೇತರಿಸಿಕೊಳ್ಳಲಿಲ್ಲ. 1795ರ ಹೊತ್ತಿಗೆ ಅವಳ ಬುದ್ಧಿ ಕೆಟ್ಟಿತು. ಗಂಡ ಬೇರೆ ಹೆಂಗಸರ ಹಿಂದೆ ಹೋಗುತ್ತಾನೆ ಎನ್ನುವ ಭ್ರಮೆ ಹಿಡಿಯಿತು. ಬೀದಿಯಲ್ಲಿ ಹಿಂಬಾಲಿಸಿ ಬೈಯುತ್ತಿದ್ದಳು, ಒಮ್ಮೊಮ್ಮೆ ಕೊಲ್ಲಲು ಬರುತ್ತಿದ್ದಳು. ಆಮೇಲಾಮೇಲೆ ಅವಳನ್ನು ಕೋಣೆಯಲ್ಲಿ ಕೂಡಿಹಾಕಬೇಕಾಯಿತು. 1807ರ ಡಿಸೆಂಬರಿನಲ್ಲಿ ಸಾಯುವ ತನಕ ಹನ್ನೆರಡು ವರ್ಷ ಹೀಗೇ. ಪಕ್ಕದ ಕೋಣೆಯಲ್ಲಿ ಹೆಂಡತಿಯ ಕೂಗು, ಈ ಕೋಣೆಯಲ್ಲಿ ಗಂಡನ ಅನುವಾದ.

ಇನ್ನು ಕೆಲಸದ ಫಲ? ಕೇರಿ ಮುನ್ಷಿ ರಾಮರಾಮ ಬಸುವಿನಿಂದ ಬಂಗಾಳಿ ಕಲಿತ. ಹಳ್ಳಿ ಹಳ್ಳಿ ತಿರುಗಿ ಮಾತಾಡಿದ. ಜನ ಮರ್ಯಾದೆಯಿಂದ ಕೇಳಿದರು, ಎದ್ದು ಹೋದರು. ಒಬ್ಬ ಬಂಗಾಳಿಯೂ ಅವನ ಮತಕ್ಕೆ ಬರಲಿಲ್ಲ. ಕೆಲವರು ಬರುವ ಹಾಗೆ ಕಂಡರು, ಹಿಂದೆ ಸರಿದರು. ನಂಬಿದ್ದ ಮುನ್ಷಿಯೇ ನಡತೆಯ ದೂರಿನಿಂದ ಬಿಟ್ಟುಹೋಗುವ ಹಾಗಾಯಿತು. ನೀಲಿಯ ಬೆಳೆಯನ್ನು ಪ್ರವಾಹ ತೆಗೆದುಕೊಂಡು ಹೋಯಿತು. ಕೊನೆಗೆ 1799ರಲ್ಲಿ ಉಡ್ನಿ ಮದನಬತಿಯ ಕಾರ್ಖಾನೆಯನ್ನೇ ಮುಚ್ಚಲು ತೀರ್ಮಾನಿಸಿದ. ಕೇರಿ ತನ್ನ ಉಳಿತಾಯವೆಲ್ಲ ಹಾಕಿ ಹತ್ತಿರದಲ್ಲೇ ಒಂದು ಸಣ್ಣ ನೀಲಿ ಕಾರ್ಖಾನೆ ಕೊಂಡ. ಅದರಲ್ಲೂ ನಷ್ಟವೇ.

1799ರ ಡಿಸೆಂಬರ್ 31ಕ್ಕೆ ಈ ಮನುಷ್ಯನ ಅಢಾವೆ ಪತ್ರಿಕೆ ಬರೆದರೆ ಏನಾಗುತ್ತಿತ್ತು ಎಂದು ಯೋಚಿಸಿ ನೋಡಿ. ಒಂದು ಮಗು ಹೋಯಿತು. ಹೆಂಡತಿಯ ಬುದ್ಧಿ ಹೋಯಿತು. ಉಳಿಸಿದ ಹಣ ಹೋಯಿತು. ಮತಕ್ಕೆ ಸೇರಿದ ಬಂಗಾಳಿಗಳು: ಸೊನ್ನೆ. ಯಾವ ಆಡಿಟರೂ ಈ ಅಂಗಡಿ ಮುಚ್ಚು ಎಂದೇ ಬರೆಯುತ್ತಿದ್ದ.

ಕೇರಿ ಮುಚ್ಚಲಿಲ್ಲ. ಯಾಕೆ? ಅವನಿಗೆ ಕನಸು ಬಿದ್ದಿತೆಂದಾಗಲಿ, ಆಕಾಶವಾಣಿ ಆಯಿತೆಂದಾಗಲಿ ಎಲ್ಲಿಯೂ ಇಲ್ಲ. ದೇವರ ಮಾತು ಸುಳ್ಳಾಗುವುದಿಲ್ಲ ಎಂಬ ಒಂದೇ ನೆಲೆಯನ್ನು ಅವನು ಹಿಡಿದುಕೊಂಡಿದ್ದ. ತನ್ನ ಮನಸ್ಸು ಈ ದಿನ ಏನು ಹೇಳುತ್ತದೆ ಎಂಬುದನ್ನು ಅವನು ದಿನಚರಿಯಲ್ಲಿ ಬರೆದನೇ ಹೊರತು ಅದರ ಮೇಲೆ ತೀರ್ಮಾನ ಮಾಡಲಿಲ್ಲ. ಮನಸ್ಸು ಬತ್ತಿದ ದಿನವೂ ಬೆಳಿಗ್ಗೆ ಎದ್ದು ಬೈಬಲಿನ ಒಂದು ಭಾಗ ಬಂಗಾಳಿಗೆ ತಿರುಗಿಸಿದ. ಕಾರ್ಖಾನೆಯ ಲೆಕ್ಕ ನೋಡಿದ. ಸಂಸ್ಕೃತದ ಪಾಠ ಮಾಡಿಕೊಂಡ. ಹೀಗೆ ದಿನಕ್ಕೆ ಸ್ವಲ್ಪ ಸ್ವಲ್ಪ ಎಂದು ಹೊಸ ಒಡಂಬಡಿಕೆಯ ಹೆಚ್ಚು ಭಾಗ ಬಂಗಾಳಿಯಲ್ಲಿ ಸಿದ್ಧವಾಗಿಬಿಟ್ಟಿತು. ತನಗಿರುವ ಶಕ್ತಿ ಒಂದೇ, ಕತ್ತೆಯ ಹಾಗೆ ದುಡಿಯುತ್ತಾ ಹೋಗುವುದು ಎಂಬ ಅರ್ಥದಲ್ಲಿ ಅವನು ತನ್ನ ಬಗ್ಗೆ ಮುಂದೆ ಹೇಳಿಕೊಂಡದ್ದುಂಟು.

ಹೂಗ್ಲಿಯ ದಂಡೆಯ ಒಂದು ಭಾನುವಾರ

1799ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಿಂದ ಹೊಸಬರು ಬಂದರು. ಶಾಲೆಯ ಮೇಷ್ಟ್ರು ಜೋಷುವಾ ಮಾರ್ಷ್‌ಮನ್, ಮುದ್ರಣಗಾರ ವಿಲಿಯಂ ವಾರ್ಡ್. ಇವರನ್ನೂ ಕಂಪನಿ ತನ್ನ ಸೀಮೆಗೆ ಬಿಡಲಿಲ್ಲ. ಕಲ್ಕತ್ತೆಯಿಂದ ನದಿಯ ಮೇಲೆ ಸುಮಾರು ಇಪ್ಪತ್ತೈದು ಕಿಲೋಮೀಟರ್ ದೂರದ ಶ್ರೀರಾಮಪುರ ಆಗ ಡೇನ್ಮಾರ್ಕಿನವರ ಕೈಯಲ್ಲಿತ್ತು. ಅಲ್ಲಿಯ ಗವರ್ನರ್ ಆಸರೆ ಕೊಟ್ಟ. ಕೇರಿ ಉತ್ತರದ ಹಳ್ಳಿಯಲ್ಲಿದ್ದ ಎಲ್ಲವನ್ನೂ ಬಿಟ್ಟು 1800ರ ಜನವರಿ 10ರಂದು ಶ್ರೀರಾಮಪುರಕ್ಕೆ ಬಂದ. ತಂದದ್ದು ಒಂದು ಮರದ ಮುದ್ರಣಯಂತ್ರ, ಅನುವಾದದ ಹಸ್ತಪ್ರತಿ, ಹುಚ್ಚು ಹಿಡಿದ ಹೆಂಡತಿ, ನಾಲ್ಕು ಮಕ್ಕಳು.

ಆ ವರ್ಷದ ಕೊನೆಯಲ್ಲಿ ಕೃಷ್ಣಪಾಲ ಎಂಬ ಬಡಗಿ ಜಾರಿ ಬಿದ್ದು ಭುಜದ ಕೀಲು ತಪ್ಪಿತು. ಥಾಮಸ್ ಬಂದು ಕೀಲು ಕೂಡಿಸಿದ. ಅಲ್ಲಿಂದ ಮಾತು ಬೆಳೆಯಿತು. 1800ರ ಡಿಸೆಂಬರ್ 28ರಂದು, ಭಾನುವಾರ, ಹೂಗ್ಲಿ ನದಿಯಲ್ಲಿ ಕೃಷ್ಣಪಾಲನಿಗೆ ದೀಕ್ಷಾಸ್ನಾನವಾಯಿತು. ಜೊತೆಗೆ ಕೇರಿಯ ಮಗ ಫೆಲಿಕ್ಸನಿಗೂ. ಏಳು ವರ್ಷ ಒಂದು ತಿಂಗಳ ನಂತರ ಜಮಾ ಬದಿಯಲ್ಲಿ ಮೊದಲ ಅಂಕಿ ಬಿತ್ತು.

ಸಿನಿಮಾದಲ್ಲಾದರೆ ಇಲ್ಲಿಗೆ ಸುಖಾಂತ್ಯ. ನಿಜವಾದ ಬಾಳಿನಲ್ಲಿ ಆ ದಿನ ಹೇಗಿತ್ತು ಗೊತ್ತೇ? ಇಷ್ಟು ವರ್ಷ ಕಾದ ಥಾಮಸ್‌ಗೆ ಸಂತೋಷವೇ ತಲೆಗೇರಿ ಬುದ್ಧಿ ಭ್ರಮಣೆಯಾಯಿತು, ಅವನನ್ನು ಕಟ್ಟಿಹಾಕಬೇಕಾಯಿತು. ಇನ್ನೊಂದು ಕಡೆ ಡೊರೊಥಿ ಕೂಗುತ್ತಿದ್ದಳು. ನದಿಯ ಕಡೆ ಹಾಡು, ಎರಡು ಕೋಣೆಗಳಲ್ಲಿ ಚೀರಾಟ. ಕೇರಿಗೆ ಸಿಕ್ಕ ಉತ್ತರ ಅವನ ದುಃಖವನ್ನು ಅಳಿಸಿಹಾಕಲಿಲ್ಲ. ಎರಡೂ ಒಂದೇ ಅಂಗಳದಲ್ಲಿ ಇದ್ದವು.

ಹಿಂತಿರುಗಿ ನೋಡಿದರೆ

ಈಗ ಆ ಏಳು ವರ್ಷದ ಖಾತೆಯನ್ನು ಮತ್ತೊಮ್ಮೆ ತೆರೆಯೋಣ. ಕಲ್ಕತ್ತೆಯಲ್ಲಿ ದುಡ್ಡು ಮುಗಿಯದಿದ್ದರೆ ಕೇರಿ ಹಳ್ಳಿಗೆ ಹೋಗುತ್ತಿರಲಿಲ್ಲ. ಹೋಗದಿದ್ದರೆ ರೈತರ, ಕೂಲಿಗಳ ಬಂಗಾಳಿ ಅವನ ಕಿವಿಗೆ ಬೀಳುತ್ತಿರಲಿಲ್ಲ. 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆ ಅಚ್ಚಾಗಿ ಹೊರಬಂದಾಗ, ಕಂಪನಿಯ ಎಳೆಯ ಅಧಿಕಾರಿಗಳಿಗೆ ದೇಶಭಾಷೆ ಕಲಿಸಲು ಕಲ್ಕತ್ತೆಯಲ್ಲಿ ಆಗತಾನೆ ತೆರೆದಿದ್ದ ಫೋರ್ಟ್ ವಿಲಿಯಂ ಕಾಲೇಜಿಗೆ ಬಂಗಾಳಿ ಕಲಿಸುವವನು ಬೇಕಾಗಿದ್ದ. ಯಾವ ಕಂಪನಿ ಅವನನ್ನು ಹಡಗಿನಿಂದ ಇಳಿಸಿತ್ತೋ ಅದೇ ಕಂಪನಿ ಅವನನ್ನು ಕರೆದು ತಿಂಗಳಿಗೆ 500 ರೂಪಾಯಿ ಕೊಟ್ಟು ಕೂರಿಸಿತು. ಮುಂದೆ ಅದು ಸಾವಿರ ರೂಪಾಯಿಯಾಯಿತು. ಬೂಟು ಹೊಲಿಯುತ್ತಿದ್ದವನು ಬಂಗಾಳಿ, ಸಂಸ್ಕೃತ, ಮರಾಠಿಗಳ ಪ್ರೊಫೆಸರ್ ಆದ. ಮೂವತ್ತು ವರ್ಷ ಪ್ರತಿ ವಾರ ದೋಣಿಯಲ್ಲಿ ಕಲ್ಕತ್ತೆಗೆ ಹೋಗಿ ಪಾಠ ಮಾಡಿ ಬಂದ. ಸಂಬಳವೆಲ್ಲ ಮಿಷನ್ನಿನ ಒಂದೇ ಗಂಟಿಗೆ. ತನಗೆ ಊಟ ಬಟ್ಟೆಗೆ ಆಗುವಷ್ಟು ಮಾತ್ರ.

ಬಿಟ್ಟುಹೋಗಿದ್ದ ರಾಮರಾಮ ಬಸುವೂ ಅದೇ ಕಾಲೇಜಿನ ಪಂಡಿತನಾಗಿ ಬಂದು 1801ರಲ್ಲಿ ರಾಜಾ ಪ್ರತಾಪಾದಿತ್ಯನ ಚರಿತ್ರೆ ಬರೆದ. ಬಂಗಾಳಿ ಗದ್ಯದ ಚರಿತ್ರೆಯಲ್ಲಿ ಆ ಪುಸ್ತಕಕ್ಕೆ ಮೊದಲ ಸಾಲಿನಲ್ಲಿ ಜಾಗ. 1818ರಲ್ಲಿ ಶ್ರೀರಾಮಪುರದಿಂದ ಸಮಾಚಾರ ದರ್ಪಣ ಎಂಬ ಬಂಗಾಳಿ ಪತ್ರಿಕೆ ಹೊರಟಿತು, ಅದೇ ವರ್ಷ ಕಾಲೇಜು ಶುರುವಾಯಿತು. 1820ರಲ್ಲಿ ಕಲ್ಕತ್ತೆಯಲ್ಲಿ ಕೃಷಿ ಮತ್ತು ತೋಟಗಾರಿಕೆ ಸಂಘ ಕಟ್ಟಿದ. ಹುಡುಗನಾಗಿದ್ದಾಗಿನ ಗಿಡದ ಹುಚ್ಚು ಬಿಟ್ಟಿರಲಿಲ್ಲ. ನಮ್ಮ ಮಲೆನಾಡಿನ ಕಾಡುಗಳಲ್ಲೂ ಬೆಳೆಯುವ ಒಂದು ಮರದ ಕುಲಕ್ಕೆ ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ ಕೇರಿಯಾ ಎಂದೇ ಹೆಸರಿಟ್ಟ. ಸತಿ ಪದ್ಧತಿಯ ವಿರುದ್ಧ ಕೇರಿ ಬಹಳ ವರ್ಷ ಅಹವಾಲು ಸಲ್ಲಿಸುತ್ತಾ ಬಂದಿದ್ದ. 1829ರ ಡಿಸೆಂಬರಿನಲ್ಲಿ ನಿಷೇಧದ ಕಾನೂನು ಬಂದಾಗ ಬಂಗಾಳಿ ಅನುವಾದಕ್ಕೆ ಅವನ ಕೈಗೇ ಬಂತು. ಅದು ಭಾನುವಾರ. ಬೋಧನೆಯನ್ನು ಬೇರೆಯವರಿಗೆ ಒಪ್ಪಿಸಿ ಸಂಜೆಯೊಳಗೆ ಅನುವಾದ ಮುಗಿಸಿದ. ಒಂದು ದಿನ ತಡವಾದರೆ ಎಷ್ಟು ಹೆಂಗಸರು ಬೆಂಕಿಗೆ ಬೀಳುತ್ತಾರೋ ಎಂಬ ಕಾತರ ಅವನಿಗೆ.

ಹಾಗಾದರೆ ದೇವರು ಮೊದಲಿಂದ ಸರಿಯಾಗಿಯೇ ನಡೆಸಿದ ಎಂದು ಹೇಳಿ ಮುಗಿಸಬಹುದಲ್ಲ? ಹಿಂತಿರುಗಿ ನೋಡಿದಾಗ ದಾರಿ ನೆಟ್ಟಗೆ ಕಾಣುವುದು ಸಹಜ. ಆದರೆ ಕೇರಿಯ ನಂಬಿಕೆಯನ್ನು ಅಳೆಯಬೇಕಾದದ್ದು 1801ರಲ್ಲಿ ಅಲ್ಲ. 1799ರಲ್ಲಿ, ಪುಟ ಇನ್ನೂ ಖಾಲಿ ಇದ್ದಾಗ. ಕೃಷ್ಣಪಾಲನ ಭುಜ ಜಾರದೇ ಇದ್ದಿದ್ದರೂ ಮಾರನೆಯ ದಿನ ಬೆಳಿಗ್ಗೆ ಕೇರಿ ಎದ್ದು ತನ್ನ ಅನುವಾದಕ್ಕೇ ಕೂರುತ್ತಿದ್ದ ಅಂತ ನನಗೆ ಅನ್ನಿಸುತ್ತದೆ.

ಬೆಂಕಿಯಲ್ಲಿ ಹೋದ ಕನ್ನಡ

ಈಗ ಕನ್ನಡದ ವಿಷಯ. ಕೇರಿ ಮತ್ತು ಜೊತೆಗಾರರು ಭಾರತದ ಎಷ್ಟೋ ಭಾಷೆಗಳಿಗೆ ಬೈಬಲನ್ನು ತರಲು ಹೊರಟರು. ದೇಶದ ನಾನಾ ಕಡೆಯ ಪಂಡಿತರು ಶ್ರೀರಾಮಪುರದಲ್ಲಿ ಕೂತಿದ್ದರು. ಪಂಚಾನನ ಕರ್ಮಕಾರ ಮತ್ತು ಅವನ ಅಳಿಯ ಮನೋಹರ ಅಕ್ಷರದ ಅಚ್ಚು ಕೊರೆದರು. ಆ ಪಟ್ಟಿಯಲ್ಲಿ ಕನ್ನಡವೂ ಇತ್ತು.

1812ರ ಮಾರ್ಚ್ 11ರ ಸಂಜೆ ಅಚ್ಚುಕೂಟದ ಕಾಗದದ ಕೋಣೆಗೆ ಬೆಂಕಿ ಹತ್ತಿತು. ಕೇರಿ ಕಲ್ಕತ್ತೆಯಲ್ಲಿದ್ದ. ರಾತ್ರಿಯೆಲ್ಲ ಉರಿಯಿತು. ಸಾವಿರಕ್ಕೂ ಮಿಕ್ಕಿ ರೀಮು ಕಾಗದ, ಹದಿನಾಲ್ಕು ಭಾಷೆಗಳ ಅಚ್ಚುಮೊಳೆ, ವರ್ಷಗಟ್ಟಲೆ ಬರೆದ ಹಸ್ತಪ್ರತಿಗಳು ಸುಟ್ಟುಹೋದವು. ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿ, ತೆಲುಗು ವ್ಯಾಕರಣ, ಅನೇಕ ಭಾಷೆಗಳನ್ನು ಒಟ್ಟಿಗೆ ಸೇರಿಸಿ ಕಟ್ಟುತ್ತಿದ್ದ ದೊಡ್ಡ ನಿಘಂಟು ಎಲ್ಲ ಬೂದಿ. ನಷ್ಟ ಸುಮಾರು ಹತ್ತು ಸಾವಿರ ಪೌಂಡು ಎಂದು ಲೆಕ್ಕ ಹಾಕಿದರು. ಬೆಳಿಗ್ಗೆ ಮಾರ್ಷ್‌ಮನ್ ಕಲ್ಕತ್ತೆಗೆ ಬಂದು ಸುದ್ದಿ ಹೇಳಿದ. ಕೇರಿ ಶ್ರೀರಾಮಪುರಕ್ಕೆ ಬಂದು ಹೊಗೆಯಾಡುವ ಗೋಡೆಗಳ ನಡುವೆ ನಿಂತು ಕಣ್ಣೀರು ಹಾಕಿದ.

ಐವತ್ತು ವಯಸ್ಸು ದಾಟಿದವನು. ಬಿಟ್ಟು ಕೂತಿದ್ದರೆ ಯಾರೂ ಬೈಯುತ್ತಿರಲಿಲ್ಲ. ಆ ಭಾನುವಾರ ಅವನು 46ನೆಯ ಕೀರ್ತನೆಯ ಮೇಲೆ ಬೋಧನೆ ಮಾಡಿದ. ದೇವರಿಗೆ ತನ್ನ ವಸ್ತುವನ್ನು ಹೇಗೆ ಬೇಕಾದರೂ ಮಾಡುವ ಹಕ್ಕಿದೆ, ನಮ್ಮದು ತಲೆ ಬಾಗುವ ಕೆಲಸ ಎಂಬುದು ಅದರ ಸಾರ. ಅಷ್ಟರಲ್ಲಿ ವಾರ್ಡ್ ಬೂದಿ ಕೆದಕಿದಾಗ ಅಕ್ಷರ ಕೊರೆದ ಉಕ್ಕಿನ ಅಚ್ಚುಗಳು ಕೆಡದೆ ಸಿಕ್ಕಿದವು. ಕರಗಿದ ಸೀಸವನ್ನೇ ಮತ್ತೆ ಎರೆದು ಮೊಳೆ ಮಾಡಲು ಶುರುಮಾಡಿದರು. ಇಂಗ್ಲೆಂಡಿಗೆ ಸುದ್ದಿ ಮುಟ್ಟಿದಾಗ ಜನ ಕೆಲವೇ ವಾರಗಳಲ್ಲಿ ನಷ್ಟದಷ್ಟೂ ಹಣ ಕೂಡಿಸಿದರು. ಕೇರಿ ಮತ್ತೆ ಮೊದಲಿಂದ ಬರೆಯಲು ಕೂತ. ನಡೆದ ದಾರಿಯನ್ನೇ ಎರಡನೇ ಸಲ ನಡೆಯುವಾಗ ಕಾಲಿಗೆ ಸುಲಭವಾಗುತ್ತದೆ ಎಂದು ಅವನು ತನ್ನನ್ನು ತಾನು ಸಮಾಧಾನ ಮಾಡಿಕೊಂಡ.

1817ರ ಕನ್ನಡ ವ್ಯಾಕರಣ ಈ ಬೂದಿಯ ನಂತರ ಹುಟ್ಟಿದ್ದು. ಶ್ರೀರಾಮಪುರದ ಅನುವಾದಗಳಲ್ಲಿ ಅನೇಕವು ಅವಸರದವು, ತಪ್ಪುಗಳಿದ್ದವು ಎಂದು ಆಮೇಲಿನವರು ಹೇಳಿದ್ದು ನಿಜ. ಕನ್ನಡ ಬೈಬಲಿನ ಕೆಲಸವನ್ನು ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮುಂತಾದವರು ಬೇರೆಯಾಗಿ ನಡೆಸಿದರು. ಆದರೂ ಸಾವಿರ ಮೈಲಿ ದೂರದಲ್ಲಿ ಕೂತು, ಒಮ್ಮೆ ಸುಟ್ಟುಹೋದ ಕನ್ನಡವನ್ನು ಮತ್ತೆ ಕೈಗೆತ್ತಿಕೊಂಡನಲ್ಲ, ಅದಕ್ಕೆ ನಾವು ಋಣಿಗಳು.

ಮುಗಿಯದ ಪರೀಕ್ಷೆ

ಆಮೇಲೂ ಸುಖವಿರಲಿಲ್ಲ. ಬರ್ಮಾಕ್ಕೆ ಹೋಗಿದ್ದ ಫೆಲಿಕ್ಸ್ 1814ರಲ್ಲಿ ದೋಣಿ ಮುಳುಗಿ ಹೆಂಡತಿ ಮಕ್ಕಳನ್ನು ಕಳೆದುಕೊಂಡ. ಮಿಷನ್ ಬಿಟ್ಟು ಬರ್ಮಾ ರಾಜನ ರಾಯಭಾರಿಯಾಗಿ ಅಲೆದ. ತಂದೆಗೆ ಇದು ದೊಡ್ಡ ನೋವು. ಕೊನೆಗೆ ಮಗ ಮರಳಿ ಬಂದ, 1822ರಲ್ಲಿ ತೀರಿಕೊಂಡ. ಎರಡನೆಯ ಹೆಂಡತಿ ಷಾರ್ಲೆಟ್ 1821ರಲ್ಲಿ ಹೋದಳು. ವಾರ್ಡ್ 1823ರಲ್ಲಿ ಕಾಲರಾಕ್ಕೆ ಬಲಿಯಾದ. ಅದೇ ವರ್ಷ ಪ್ರವಾಹ ಬಂದು ಅವನ ತೋಟವನ್ನು ಹಾಳುಮಾಡಿತು. ತಾನು ಹುಟ್ಟುಹಾಕಿದ ಇಂಗ್ಲೆಂಡಿನ ಸಂಘವೇ ಆಸ್ತಿಯ ವಿಷಯದಲ್ಲಿ ಅವರನ್ನು ಸಂಶಯದಿಂದ ನೋಡಿ, 1827ರಲ್ಲಿ ಸಂಬಂಧ ಹರಿದುಹೋಯಿತು. 1830ರಿಂದ ಕಲ್ಕತ್ತೆಯ ದೊಡ್ಡ ವ್ಯಾಪಾರ ಮನೆಗಳು ಒಂದರ ಹಿಂದೆ ಒಂದು ದಿವಾಳಿಯಾದಾಗ ಶ್ರೀರಾಮಪುರದ ಠೇವಣಿಯೂ ಮುಳುಗಿತು. ಮೂವತ್ತು ವರ್ಷ ಕಾಸಿಗೆ ಕಾಸು ಕೂಡಿಸಿದವನ ಕೈ ಮತ್ತೆ ಖಾಲಿ.

ಅವನು ಸತ್ತದ್ದು 1834ರ ಜೂನ್ 9ರಂದು, ಶ್ರೀರಾಮಪುರದಲ್ಲಿ. ಕೊನೆಯ ದಿನಗಳಲ್ಲಿ ನೋಡಲು ಬಂದ ಒಬ್ಬ ತರುಣ ಪಾದ್ರಿಗೆ, ನಾನು ಹೋದ ಮೇಲೆ ಕೇರಿಯ ಮಾತು ಆಡಬೇಡಿ, ಕೇರಿಯ ರಕ್ಷಕನ ಮಾತು ಆಡಿ ಎಂಬ ಅರ್ಥದಲ್ಲಿ ಹೇಳಿದನಂತೆ. ಗೋರಿಯ ಕಲ್ಲಿನ ಮೇಲೂ ಹೊಗಳಿಕೆ ಬೇಡ ಎಂದಿದ್ದ. ಅವನು ಕಣ್ಣು ಮುಚ್ಚಿದ ಅದೇ 1834ರ ಅಕ್ಟೋಬರಿನಲ್ಲಿ ಬಾಸೆಲ್ ಮಿಷನ್ನಿನ ಮೊದಲ ತಂಡ ಮಂಗಳೂರಿನ ದಂಡೆಗೆ ಇಳಿಯಿತು. ಅಲ್ಲಿಂದ ಮುಂದೆ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ, ಕಿಟೆಲರ ನಿಘಂಟು ಎಲ್ಲ ಬಂದವು.

ಇಷ್ಟು ಬರೆದ ಮೇಲೂ ಒಂದು ಹೆಸರು ಬಿಟ್ಟುಹೋಗಬಾರದು. ಡೊರೊಥಿ. ಕೇರಿಯ ಖಾತೆ ಕೊನೆಗೆ ಹೇಗೋ ಸರಿದೂಗಿತು ಎಂದು ನಾವು ಹೇಳಬಹುದು. ಅವಳ ಖಾತೆ? ದೇವರು ಗಂಡನನ್ನು ನಡೆಸಿದ ದಾರಿಯಲ್ಲಿ ಅವಳು ಎಳೆಸಿಕೊಂಡು ಬಂದಳು. ಅವಳಿಗೆ ಬೆಳಕು ಸಿಗಲಿಲ್ಲ, ಬಿರುದು ಸಿಗಲಿಲ್ಲ, ಎಷ್ಟೋ ಜೀವನಚರಿತ್ರೆಗಳಲ್ಲಿ ಒಳ್ಳೆಯ ಮಾತೂ ಸಿಗಲಿಲ್ಲ. ದೇವರು ನನ್ನನ್ನು ಕರೆದ ಎಂದು ಹೇಳುವವನು, ಆ ಕರೆಯ ಬೆಲೆಯನ್ನು ತನ್ನ ಜೊತೆಗೆ ಯಾರು ಯಾರು ಕಟ್ಟುತ್ತಾರೆ ಎಂದೂ ಕೇಳಿಕೊಳ್ಳಬೇಕು. ಕೇರಿ ಅವಳನ್ನು ಕೊನೆಯವರೆಗೂ ಬಿಡಲಿಲ್ಲ. ಹುಚ್ಚಾಸ್ಪತ್ರೆಗೆ ಕಳಿಸಿ ಎಂದವರ ಮಾತು ಕೇಳದೆ ಮನೆಯಲ್ಲೇ ನೋಡಿಕೊಂಡ. ಅದು ಅವನ ದೊಡ್ಡತನ. ಆದರೂ ಆ ಪ್ರಶ್ನೆಗೆ ಅದು ಪೂರ್ತಿ ಉತ್ತರವಲ್ಲ.

ದೇವರ ಮೇಲೆ ಭರವಸೆ ಎಂದರೆ ಸಂಶಯವೇ ಬಾರದಿರುವುದು ಎಂದು ನಾವು ತಿಳಿದಿದ್ದೇವೆ. ಕೇರಿಯ ಬಾಳು ಹಾಗೆ ಹೇಳುವುದಿಲ್ಲ. ಅವನಿಗೆ ಸಂಶಯ ಬಂತು, ಬೇಸರ ಬಂತು, ಒಂಟಿತನ ಬಂತು. ಮುಂದಿನ ದಾರಿ ಯಾವತ್ತೂ ಕಾಣಲಿಲ್ಲ. ಕಂಡದ್ದು ಆ ದಿನದ ಒಂದು ಪುಟ ಅನುವಾದ, ಆ ದಿನದ ಒಂದು ಪಾಠ, ಪಕ್ಕದ ಕೋಣೆಯ ರೋಗಿಗೆ ಆ ದಿನದ ಆರೈಕೆ. ಅಷ್ಟನ್ನು ಮಾಡಿದ. ಉಳಿದ ಲೆಕ್ಕವನ್ನು ಯಾರ ಕೈಯಲ್ಲಿ ಖಾತೆ ಇದೆ ಎಂದು ನಂಬಿದ್ದನೋ ಅವನಿಗೆ ಬಿಟ್ಟ.